ಹಚ್ಚಂಬಲಿ ಬುಟ್ಟಿಯೊಡನೆ ಹೊಳೆಯಾಚೆಗೆ

ಪೈರು ಹೊತ್ತ ಭೂಮಿಗೆ ಬಯಕೆಯೂಟ ಬಡಿಸುವ ಭೂಮಿ ಹುಣ್ಣಿಮೆಯ ಹಿಂದಿನ ದಿನ ಮಧ್ಯಾಹ್ನ ನಾವು ಶಿವಮೊಗ್ಗ ಬಿಟ್ಟಾಗ, ಹಿಂದಿನ ಸೀಟಿನಲ್ಲಿ ಕುಳಿತಿದ್ದ ಅತ್ತೆಯ ತೊಡೆಯ ಮೇಲೆ, ಸೊಪ್ಪುಗಳ ಬೆರಕೆ ಅಡುಗೆಯಾದ ಹಚ್ಚಂಬಲಿಯನ್ನು ಒಯ್ಯುವ ಬುಟ್ಟಿ ಇತ್ತು. ಡಿಕ್ಕಿಯಲ್ಲಿಡೋಣವೆಂದರೆ ಅವರು ಒಪ್ಪಲಿಲ್ಲ. ಕುಂಸಿ, ಆನಂದಪುರ ದಾಟಿ ಸಾಗರ ಮುಟ್ಟುವವರೆಗೆ, ತಿರುವು ಬಂದಾಗಲೆಲ್ಲ ಒಂದು ಕೈ ಮುಂದಿನ ಸೀಟಿನ ಮೇಲೆ, ಇನ್ನೊಂದು ಕೈ ಬುಟ್ಟಿಯ ಮೇಲೆ. ಅತ್ತೆಗೆ ಈಗ ಎಪ್ಪತ್ತೆರಡು. ಅಜ್ಜಿಯ ಐದು ಮಕ್ಕಳಲ್ಲಿ ಅವರೇ ಹಿರಿಯರು. ತೊಂಬತ್ತನಾಲ್ಕು ವರ್ಷ ಬಾಳಿದ ಅಜ್ಜಿ ಚೈತ್ರದಲ್ಲಿ ತೀರಿಕೊಂಡಿದ್ದರು. ಅವರಿಲ್ಲದ ಮೊದಲ ಭೂಮಿ ಹುಣ್ಣಿಮೆಯ ಚರಗವನ್ನು, ಅಂದರೆ ಭೂಮಿಗೆ ಬೀರುವ ಎಡೆಯನ್ನು, ಹಳೆಯ ಗದ್ದೆಯ ಹತ್ತಿರವೇ ಚೆಲ್ಲಬೇಕೆಂದು ಹಟ ಹಿಡಿದವರು ಅತ್ತೆ.

ಬುಟ್ಟಿಯ ವಿಷಯವನ್ನು ಸ್ವಲ್ಪ ಹೇಳಬೇಕು. ನಮ್ಮ ದೀವರ ಸಮುದಾಯದ ಮನೆಗಳಲ್ಲಿ ಮಹಾನವಮಿಯ ಹೊತ್ತಿಗೇ ಬಿದಿರಿನ ಬುಟ್ಟಿಗಳಿಗೆ ಸಗಣಿ ಬಳಿದು ಒಣಗಿಸಿ, ಕೆಮ್ಮಣ್ಣು ಹಚ್ಚಿ, ನೆನೆಸಿ ಅರೆದ ಅಕ್ಕಿಯ ಬಿಳುಪಿನಲ್ಲಿ ಚಿತ್ತಾರ ಬರೆಯುತ್ತಾರೆ. ದೊಡ್ಡದು ಭೂಮಣ್ಣಿ ಬುಟ್ಟಿ, ಚಿಕ್ಕದು ಹಚ್ಚಂಬಲಿಯದು. ಕುಂಚವೆಂದರೆ ಪುಂಡಿ ನಾರಿನ ತುದಿಯನ್ನು ಜಜ್ಜಿ ಎಳೆಎಳೆಯಾಗಿ ಬಿಡಿಸಿದ್ದು. ಅಜ್ಜಿ ಅದನ್ನು ಮೂರು ಬೆರಳಲ್ಲಿ ಹಿಡಿದು, ಉಸಿರು ಬಿಗಿಹಿಡಿದು, ಬುಟ್ಟಿಯ ಕಂಠದಿಂದ ಬುಡದವರೆಗೆ ಒಂದೇ ಓಟದಲ್ಲಿ ಗೆರೆ ಎಳೆಯುತ್ತಿದ್ದರು. ಗೆರೆ ಮುಗಿದ ಮೇಲೆಯೇ ಉಸಿರು, ಆಮೇಲೆ ಮಾತು. ಭತ್ತದ ಸಸಿ, ಏಣಿ, ಎತ್ತಿನ ಗಾಡಿ ಯಾವ ವರ್ಷವೂ ತಪ್ಪುತ್ತಿರಲಿಲ್ಲ. ಕೊನೆಯ ಎರಡು ವರ್ಷ ಅವರ ಕೈ ನಡುಗಿ, ಸಸಿಗಳೆಲ್ಲ ಗಾಳಿಗೆ ಬಾಗಿದಂತೆ ಕಾಣುತ್ತಿದ್ದವು. ಈ ಸಲ ಅತ್ತೆ ಬರೆದ ಗೆರೆಗಳು ನೆಟ್ಟಗಿದ್ದವು; ನನಗೆ ಆ ಬಾಗಿದ ಸಸಿಗಳೇ ಹೆಚ್ಚು ಇಷ್ಟವಾಗಿದ್ದವೆಂದು ಅವರೆದುರು ಹೇಳಲಿಲ್ಲ.

ಅಜ್ಜಿ ಮದುವೆಯಾಗಿ ಬಂದ ಮನೆ ಶರಾವತಿಯ ದಡದ ಕರೂರು ಸೀಮೆಯದು. ಗೇಣಿ ಗದ್ದೆ. ಸಾಗರ ತಾಲ್ಲೂಕಿನ ಗೇಣಿದಾರರು ಅಳತೆಯ ಕೊಳಗದ ಅನ್ಯಾಯದ ವಿರುದ್ಧ 1951ರಲ್ಲಿ ಕಾಗೋಡಿನಲ್ಲಿ ಸತ್ಯಾಗ್ರಹ ಹೂಡಿ, ಅದನ್ನು ಬೆಂಬಲಿಸಲು ಬಂದ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂಧನಕ್ಕೊಳಗಾದಾಗ ಅಜ್ಜಿಗೆ ಇಪ್ಪತ್ತರ ಆಸುಪಾಸು. ಆ ಸುದ್ದಿ ತಮ್ಮ ಮನೆಗೆ ಬಂದದ್ದು ಅಡಕೆ ಸುಲಿಯುವವರ ಬಾಯಿಂದ ಎಂದು ಹೇಳುತ್ತಿದ್ದರೇ ಹೊರತು, ಅದನ್ನು ದೊಡ್ಡದು ಮಾಡುತ್ತಿರಲಿಲ್ಲ. ಅವರು ಮತ್ತೆ ಮತ್ತೆ ಹೇಳುತ್ತಿದ್ದದ್ದು ಅಜ್ಜನ ಕತೆ. ಹರೆಯದಲ್ಲಿ ಅಜ್ಜ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟೆಯಲ್ಲಿ ಕಲ್ಲು ಹೊತ್ತಿದ್ದರಂತೆ. 1948ರಲ್ಲಿ ಮುಗಿದ ಆ ಕಟ್ಟೆಯೇ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆಯ ನೀರು ಏರಿದಾಗ ಮುಳುಗಿತು. "ನಮ್ಮ ಗದ್ದೆ ಮುಳುಗಿದ್ದಲ್ಲದೆ ನಿಮ್ಮಜ್ಜನ ಕೂಲಿಯೂ ಮುಳುಗ್ತು" ಎಂದು ಅಜ್ಜಿ ನಗುತ್ತಿದ್ದರು, ಅಜ್ಜ ನಗುತ್ತಿರಲಿಲ್ಲ.

ಮುಳುಗಡೆಯ ನಂತರದ ಬದುಕನ್ನು ಉದ್ದಕ್ಕೆ ಹೇಳುವುದು ಬೇಡ. ಲಾರಿಯಲ್ಲಿ ತಂದು ಇಳಿಸಿದ ಕಾಡಂಚಿನ ಜಾಗವನ್ನು ಕಡಿದು, ಸವರಿ, ಗದ್ದೆ ಮಾಡಿದರು. ಹಕ್ಕುಪತ್ರಕ್ಕಾಗಿ ಅಜ್ಜ, ಆಮೇಲೆ ಅಪ್ಪ, ಈಗ ನಾನು ಒಂದೇ ಕಡತದ ಹಿಂದೆ ಅಲೆದೆವು. ಹೊಳೆಯ ಕರೆಂಟು ನಾಡಿಗೆಲ್ಲ ಹೋದರೂ ಹೊಳೆಗೆ ಊರು ಕೊಟ್ಟ ಅಜ್ಜಿಯ ಅಡುಗೆಮನೆಯಲ್ಲಿ ಬಹಳ ವರ್ಷ ಚಿಮಣಿ ದೀಪವೇ ಉರಿಯಿತು.

ಸಾಗರದಲ್ಲಿ ಚಹಾ ಕುಡಿದು ಹೊಳೆಬಾಗಿಲಿನ ದಾರಿ ಹಿಡಿದಾಗ ಬಿಸಿಲು ಇಳಿದಿತ್ತು. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಈಗ ಸುಮಾರು 2.4 ಕಿ.ಮೀ. ಉದ್ದದ ಕೇಬಲ್ ಆಧಾರಿತ ಸೇತುವೆ, ಅದು ಸಂಚಾರಕ್ಕೆ ತೆರೆದದ್ದು 2025ರ ಜುಲೈ 14ರಂದು, ಅಜ್ಜಿ ಹೋದ ಮೂರು ತಿಂಗಳಿಗೆ. ಮೊದಲು ಬಸ್ಸು, ಕಾರು, ಜನ ಎಲ್ಲವೂ ಲಾಂಚಿನಲ್ಲೇ ದಾಟಬೇಕಿತ್ತು. ನಾನು ಹೈಸ್ಕೂಲಿನಲ್ಲಿದ್ದಾಗ ಸಿಗಂದೂರಿಗೆ ಹೋಗುವಾಗ ಬಸ್ಸು ಲಾಂಚಿಗೆ ಹತ್ತಿದ ಕೂಡಲೇ ನಾವೆಲ್ಲ ನೀರು ನೋಡಲು ಇಳಿದು ಓಡಿದ್ದೆವು. ಅಜ್ಜಿ ಮಾತ್ರ ಬಸ್ಸಿನೊಳಗೇ ಕುಳಿತು, ಕಿಟಕಿಯ ಷಟರ್ ಎಳೆದುಕೊಂಡಿದ್ದರು. ತಲೆಸುತ್ತು ಬಂದಿರಬೇಕೆಂದು ಅಪ್ಪ ನಿಂಬೆಹಣ್ಣು ಕೊಟ್ಟರು. ಅಜ್ಜಿ ಅದನ್ನು ಮೂಸದೆ ಸೆರಗಿನಲ್ಲಿ ಕಟ್ಟಿಕೊಂಡರು. ಈ ಸಲ ಸೇತುವೆಯ ಮೇಲೆ ನಾನು ಕಾರು ನಿಧಾನ ಮಾಡಿದೆ. ಸೆಲ್ಫಿ ತೆಗೆಯುವವರ ಸಾಲು ದಾಟಿದ ಮೇಲೆ ಅತ್ತೆ ಕಿಟಕಿಯ ಗಾಜು ಇಳಿಸಿ, ಬೆರಳು ಚಾಚಿ, "ಆ ದಿಬ್ಬದ ಕೆಳಗೆ ಕಣೋ. ಮಳೆ ಕಡಿಮೆಯಾದ ವರ್ಷ ಬಂದಿದ್ರೆ ಬದು ಕಾಣ್ತಿತ್ತು" ಎಂದರು. ನನಗೆ ಕಂಡದ್ದು ತುಂಬಿದ ಹಿನ್ನೀರು ಮಾತ್ರ.

ರಾತ್ರಿ ತುಮರಿಯ ಹತ್ತಿರದ ನೆಂಟರ ಮನೆಯಲ್ಲಿ ಯಾರೂ ಮಲಗಲಿಲ್ಲ. ಕಾಡು, ಹಿತ್ತಲುಗಳಿಂದ ತಂದ ಸೊಪ್ಪುಗಳನ್ನು ಸೇರಿಸಿ ಹಚ್ಚಂಬಲಿ ಬೇಯಿಸಿದರು. ನೂರೊಂದು ಕುಡಿ ಇರಬೇಕೆಂಬುದು ವಾಡಿಕೆ. ಲೆಕ್ಕ ಎಷ್ಟಾಯಿತೆಂದು ಕೇಳಿದ್ದಕ್ಕೆ ಮನೆಯ ಹಿರಿಯರು ನನ್ನನ್ನು ಗದರಿದರು. ಬೆಳಗಿನ ಜಾವ ದೊಂದಿಯ ಬದಲು ಟಾರ್ಚ್ ಹಿಡಿದು ದಡಕ್ಕೆ ಇಳಿದೆವು. ಚರಗ ಚೆಲ್ಲುವುದು ಗಂಡಸರ ಕೆಲಸವಾದರೂ, ಅಜ್ಜಿ ಹೊಸ ಊರಿನ ಗದ್ದೆಯಲ್ಲಿ ಎಲ್ಲ ಮುಗಿದ ಮೇಲೆ ಒಂದು ಹಿಡಿ ಉಳಿಸಿಕೊಂಡು, ಯಾರಿಗೂ ಹೇಳದೆ ಪಡುವಣಕ್ಕೆ ಬೀರುತ್ತಿದ್ದರು. ಅದು ಕಾಡಿಗೆ ಹಾಕುವ ಪಾಲೆಂದು ನಾನು ನಲವತ್ತು ವರ್ಷ ತಿಳಿದಿದ್ದೆ. ಅತ್ತೆ ಹೇಳಿದ ಮೇಲೆಯೇ ಗೊತ್ತಾದದ್ದು, ಅದು ಈ ನೀರಿನಡಿಯ ಗದ್ದೆಯ ಪಾಲು.

ಕೂಗಬೇಕಾದ ಮಾತುಗಳನ್ನು ನೆಂಟರ ಹುಡುಗ ಕೂಗಿದ. ನಾನು ನಾಲ್ಕು ಹಿಡಿ ನೀರಿಗೆ ಬೀರಿದೆ. ಅತ್ತೆ ಚಪ್ಪಲಿ ಬಿಟ್ಟು, ಸೀರೆ ಎತ್ತಿ ಕಟ್ಟಿ, ಮೊಣಕಾಲಿನವರೆಗೆ ಇಳಿದರು. ಪೈರಿನ ಬುಡದಲ್ಲಿ ಹುಗಿಯಬೇಕಾದ ಕಡುಬನ್ನು ಬಗ್ಗಿ ಕೆಸರಿಗೆ ಒತ್ತಿ, ಮೇಲೆ ಒಂದು ಕಲ್ಲಿಟ್ಟರು. ಬೆಳಕು ಹರಿಯುತ್ತಿತ್ತು. ತೇಲುತ್ತಿದ್ದ ಸೊಪ್ಪಿನ ಸುತ್ತ ಸಣ್ಣ ಮೀನುಗಳು ಸೇರಿ ಎಳೆದಾಡತೊಡಗಿದವು.

"ಕಾಗೆಗಿಂತ ಮೊದ್ಲು ಇವೇ ಬಂದ್ವಲ್ಲೋ" ಎಂದ ಅತ್ತೆ ಖಾಲಿ ಬುಟ್ಟಿಯನ್ನು ನನ್ನ ಕೈಗೆ ಕೊಟ್ಟು, ದಡ ಹತ್ತಲು ನನ್ನ ಭುಜ ಹಿಡಿದುಕೊಂಡರು.