ಐದನೇ ಪ್ರೂಫು
ಪ್ರಿಂಟಿಂಗ್ ಪ್ರೆಸ್ ಶುರು ಮಾಡ್ದಾಗ ಗಿರಾಕಿ ಅಂದ್ರೆ ಅರ್ಧ ಅಡ್ವಾನ್ಸ್ ಕೊಡ್ಬೇಕು, ಮ್ಯಾಟರ್ ತಪ್ಪಿಲ್ದೆ ಕಳಿಸ್ಬೇಕು, ಅಚ್ಚಿಗೆ ಮುಂಚೆ ತಪ್ಪು ನೋಡೋಕೆ ಕೊಡೋ ಪ್ರೂಫ್ ಒಂದೇ ಸಲಕ್ಕೆ ಓಕೆ ಮಾಡ್ಬೇಕು ಅಂತಿದ್ದೆ. ಅಂಥೋರು ವರ್ಷಕ್ಕೆ ಇಬ್ರು ಸಿಕ್ರೆ ಪುಣ್ಯ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ನಮ್ಮಂಥ ಸಣ್ಣ ಉದ್ದಿಮೆಗೆ 45 ದಿನದೊಳಗೆ ದುಡ್ಡು ಬರ್ಬೇಕು, ಆದ್ರೆ ಬೀದಿ ಕೊನೆ ಹಾರ್ಡ್‌ವೇರ್ ಅಂಗಡಿ ಅಣ್ಣನ ಮುಂದೆ ಅದನ್ನ ಹೇಳೋಕೆ ಮನಸು ಬರಲ್ಲ, ಬಿಲ್ ಬುಕ್ ಪ್ರೂಫಲ್ಲಿ ಜಿಎಸ್‌ಟಿ ನಂಬರಿಗೆ ಕೆಂಪು ಪೆನ್ನಲ್ಲಿ ಸುತ್ತು ಹಾಕಿ ನಾಲ್ಕು ಸಲ ವಾಪಸ್ ಕಳಿಸ್ತಾರೆ, ದುಡ್ಡು ಕೇಳಿದ್ರೆ ಹಬ್ಬ ಕಳೀಲಿ ಅಂತಾರೆ, ಆದ್ರೂ ಲಾಕ್‌ಡೌನಲ್ಲಿ ಶಟರ್ ಅರ್ಧ ಎತ್ತಿ ನನ್ನ ಕರೆದು ಹಳೇ ಬಾಕಿ ಪೂರ್ತಿ ಕೈಗಿಟ್ಟೋರೂ ಅವ್ರೇ. ಈಗ ನಾನು ಹಠ ಹಿಡಿಯೋದು ಎರಡಕ್ಕೇ, ಪೇಪರ್ ದುಡ್ಡು ಮೊದ್ಲೇ ಬರ್ಬೇಕು, ಪ್ರೂಫ್ ಮೇಲೆ ಸಹಿ ಬೇಕು. ಅಣ್ಣಂದು ಐದನೇ ಪ್ರೂಫ್ ತಗೊಂಡು ಹೊರಟಿದೀನಿ.