ಬೆರಳ ತುದಿಗೆ ತಾಗಿದ ಚೆಂಡು

ಭಾನುವಾರ ಶಾಲೆಯ ಎರಡು ಬೆಂಚುಗಳನ್ನು ಒಂದರ ಮೇಲೊಂದಿಟ್ಟು, ಹಗ್ಗದಿಂದ ಬಿಗಿದು ನನಗೆ ರೆಫರಿಯ ಪೀಠ ಮಾಡಿಕೊಟ್ಟಿದ್ದರು. ಹತ್ತಿ ನಿಂತಾಗಲೆಲ್ಲ ಅದು ಕಿರ್ರೆನ್ನುತ್ತಿತ್ತು. "ಹೆದರಬೇಡ ಮಾರಾಯ, ಬಿದ್ದರೆ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇದೆ" ಎಂದು ಗೆಳೆಯನೊಬ್ಬ ಕೆಳಗಿನಿಂದ ಧೈರ್ಯ ತುಂಬಿದ.

ಏಪ್ರಿಲ್ ಕೊನೆಯ ಶನಿವಾರ, ಭಾನುವಾರ ಉಡುಪಿ ಕಡೆಯ ನಮ್ಮ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯ, ಅಂದರೆ ಚರ್ಚಿನ, ಹಿಂದಿನ ಮೈದಾನದಲ್ಲಿ ಸುತ್ತಲಿನ ಸಭೆಗಳ ಯುವಜನರಿಗಾಗಿ ನಡೆಸಿದ ಕ್ರೀಡಾಕೂಟ ಅದು. ಹುಡುಗಿಯರ ತ್ರೋಬಾಲ್ ಶನಿವಾರವೇ ತಕರಾರಿಲ್ಲದೆ ಮುಗಿದಿತ್ತು. ಹಗ್ಗಜಗ್ಗಾಟದಲ್ಲಿ ಹಗ್ಗವೇ ತುಂಡಾಗಿ ಎರಡೂ ಕಡೆಯವರು ಕೆಂಪು ಮಣ್ಣಿನಲ್ಲಿ ಕುಳಿತುಬಿಟ್ಟಿದ್ದರು. ಉಳಿದದ್ದು ಹುಡುಗರ ವಾಲಿಬಾಲ್.

ದೇವರ ದಿನವಾದ ಭಾನುವಾರ ಆಡಬೇಕೇ ಬೇಡವೇ ಎಂಬ ಪ್ರಶ್ನೆ ನಮ್ಮಲ್ಲಿ ಪ್ರತಿ ವರ್ಷ ಏಳುತ್ತದೆ. ಹಿಂದಿನ ಮಿಶನರಿ ಸಂಸ್ಥೆ ಬಾಸೆಲ್ ಮಿಶನ್ನಿನ ಕಾಲದ ಶಿಸ್ತನ್ನು ಹಿರಿಯರ ಬಾಯಲ್ಲಿ ಕೇಳಿ ಬೆಳೆದವರು ಇನ್ನೂ ಇದ್ದಾರೆ. ಅಂದು ಬೆಳಗಿನ ಆರಾಧನೆಯಲ್ಲಿ ನಮ್ಮ ಸಭೆಯ ಪಾದ್ರಿ ಅಯ್ಯನವರು ಸ್ಕಾಟ್ಲೆಂಡಿನ ಓಟಗಾರ ಎರಿಕ್ ಲಿಡೆಲ್‌ನ ಕಥೆ ಹೇಳಿದರು. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನೂರು ಮೀಟರ್ ಓಟದ ಹೀಟ್ಸ್ ಭಾನುವಾರ ಬಂತೆಂದು ಆತ ಅದನ್ನೇ ಬಿಟ್ಟ. ಆಮೇಲೆ ನಾನೂರು ಮೀಟರನ್ನು 47.6 ಸೆಕೆಂಡುಗಳಲ್ಲಿ ಓಡಿ ಚಿನ್ನ ಗೆದ್ದ. ಆ ಕಥೆ ಕೇಳಿದ ಎರಡು ಗಂಟೆಗಳಲ್ಲಿ ನಾವೆಲ್ಲ ನೆಟ್ ಕಟ್ಟುತ್ತಿದ್ದೆವು. ನೆಟ್ಟಿನ ಒಂದು ತುದಿ ಹಿಡಿದಿದ್ದವರು ಅಯ್ಯನವರೇ. ನಾನು ನಕ್ಕದ್ದನ್ನು ಕಂಡು, "ವಾಲಿಬಾಲ್ ಹುಟ್ಟಿದ್ದೇ ನಮ್ಮ ಕ್ರೈಸ್ತ ಯುವಕರ ಸಂಘ ವೈಎಂಸಿಎಯಲ್ಲಿ, 1895ರಲ್ಲಿ. ಮನೆಯ ಆಟಕ್ಕೆ ಸ್ವಲ್ಪ ವಿನಾಯಿತಿ ಇರಲಿ" ಎಂದರು.

ಫೈನಲ್ ಶುರುವಾದಾಗ ನಾಲ್ಕೂವರೆ ದಾಟಿತ್ತು. ಒಂದು ಕಡೆ ಹೊಳೆಬದಿಯ ಸಭೆಯವರು, ಇನ್ನೊಂದು ಕಡೆ ಘಟ್ಟದ ಬುಡದಿಂದ ಟೆಂಪೊ ಮಾಡಿಕೊಂಡು ಬಂದವರು. ಒಂದೊಂದು ಸೆಟ್ ಗೆದ್ದು ಸಮವಾದರು. ಮೂರನೆಯದು ಹದಿನೈದು ಅಂಕಗಳ ಸೆಟ್. ಆಟ 12–12ಕ್ಕೆ ಬಂದು ನಿಂತಿತು. ಪಡುವಣ ಬಿಸಿಲು ನೇರ ನನ್ನ ಕಣ್ಣಿಗೆ ಬೀಳುತ್ತಿತ್ತು. ಲೈನ್ ಅಂಪೈರ್‌ಗಳೆಂದು ನಿಲ್ಲಿಸಿದ ಇಬ್ಬರು ಹುಡುಗರಲ್ಲಿ ಒಬ್ಬನ ಗಮನ ಆಗಲೇ ಗೇಟಿನ ಬಳಿ ಬಂದು ನಿಂತ ಐಸ್‌ಕ್ಯಾಂಡಿ ಗಾಡಿಯ ಮೇಲಿತ್ತು.

ಘಟ್ಟದ ಬುಡದ ಹುಡುಗ ಎಗರಿ ಸ್ಮ್ಯಾಶ್ ಹೊಡೆದ. ಚೆಂಡು ಹೊಳೆಬದಿಯವರ ಬ್ಲಾಕ್‌ನ, ಅಂದರೆ ನೆಟ್ಟಿನ ಬಳಿ ತಡೆಯಲು ಎತ್ತಿದ ಕೈಗಳ, ಮೇಲಿನಿಂದ ಹಾರಿ ಹಿಂದಿನ ಗೆರೆಯಾಚೆ ಎರಡು ಮಾರು ದೂರದಲ್ಲಿ ಬಿತ್ತು. ನನಗೆ ಸಂಶಯವೇ ಇರಲಿಲ್ಲ. ಸೀಟಿ ಊದಿ ಔಟ್ ತೋರಿಸಿದೆ. ಹೊಳೆಬದಿಗೆ ಹದಿಮೂರು. ಕೇಕೆ, ಶಿಳ್ಳೆ, ಯಾರೋ ಡಬ್ಬ ಬಡಿದರು. ಆ ಗದ್ದಲದಲ್ಲಿ ಬ್ಲಾಕ್‌ಗೆ ಹಾರಿದ್ದ ಹುಡುಗ ಕೈ ಎತ್ತಿಕೊಂಡು ನಿಂತಿದ್ದ.

"ಸರ್, ಟಚ್ ಇತ್ತು."

ನಿಜ ಹೇಳುತ್ತೇನೆ, ಆ ಕ್ಷಣ ನನಗೆ ಬಂದದ್ದು ಮೆಚ್ಚುಗೆಯಲ್ಲ, ಸಿಟ್ಟು. ಇಷ್ಟು ಜನರ ಮುಂದೆ ನನ್ನ ತೀರ್ಪನ್ನು ಹದಿನೇಳರ ಹುಡುಗನೊಬ್ಬ ತಿದ್ದುತ್ತಿದ್ದಾನಲ್ಲ ಎಂದು. "ಖಂಡಿತವೇ?" ಎಂದು ಕೇಳಿದೆ, ಸ್ವಲ್ಪ ಗದರುವ ದನಿಯಲ್ಲೇ. ಅವನು ಬಲಗೈಯ ನಡುಬೆರಳನ್ನು ಮುಟ್ಟಿ ತೋರಿಸಿದ. ಬ್ಲಾಕ್‌ನ ಬೆರಳಿಗೆ ತಾಗಿ ಹೊರಗೆ ಬಿದ್ದ ಚೆಂಡು ಹೊಡೆದವರ ಪಾಲಿನ ಅಂಕ. ಬೋರ್ಡಿನಲ್ಲಿದ್ದ ಹದಿಮೂರು ಈ ಬದಿಯಿಂದ ಆ ಬದಿಗೆ ಹೋಯಿತು. ಡಬ್ಬ ನಿಂತಿತು.

ಹೊಳೆಬದಿಯವರು ಆಮೇಲೆ ಒಂದು ಅಂಕ ಗಳಿಸಿದರು, ಒಂದು ಸರ್ವಿಸನ್ನು ನೆಟ್ಟಿಗೆ ಹೊಡೆದರು, ಕೊನೆಗೆ 13–15ಕ್ಕೆ ಸೋತರು. ಆ ಒಂದು ಅಂಕದಿಂದಲೇ ಸೋತರೆಂದು ಹೇಳಲಾಗದು. ಅಲ್ಲವೆಂದು ಅವರನ್ನು ನಂಬಿಸುವುದೂ ಸಾಧ್ಯವಿರಲಿಲ್ಲ. ಕೈಕುಲುಕುವ ಸಾಲಿನಲ್ಲಿ ಗೆದ್ದವರೆಲ್ಲ ಆ ಹುಡುಗನ ಬೆನ್ನು ತಟ್ಟಿದರು. ಅವನ ತಂಡದವರು ತಟ್ಟಲಿಲ್ಲ. ಒಬ್ಬ ನೀರಿನ ಬಾಟಲಿಯನ್ನು ಅವನ ಕೈಗೆ ಕೊಡದೆ ಅವನಾಚೆಗಿದ್ದವನಿಗೆ ದಾಟಿಸಿದ್ದನ್ನು ಪೀಠದ ಮೇಲಿಂದ ಕಂಡೆ. ಚೆಂಡು ತಾಗಿದ್ದು ಕಾಣದ ಕಣ್ಣಿಗೆ ಇದು ಮಾತ್ರ ಸ್ಪಷ್ಟವಾಗಿ ಕಂಡಿತು.

ಅಂತಾರಾಷ್ಟ್ರೀಯ ವಾಲಿಬಾಲ್‌ನಲ್ಲಿ ಈಗ ಇದಕ್ಕೊಂದು ಹಸಿರು ಕಾರ್ಡ್ ಇದೆ. ಚೆಂಡು ನನಗೆ ತಾಗಿತ್ತೆಂದು ಆಟಗಾರನೇ ಒಪ್ಪಿಕೊಂಡರೆ ರೆಫರಿ ಅದನ್ನು ಎತ್ತಿ ತೋರಿಸುತ್ತಾರೆ. 2023ರ ನೇಷನ್ಸ್ ಲೀಗ್‌ನಲ್ಲಿ ತಂದದ್ದು. ಆದರೆ ಅಲ್ಲಿ ಒಪ್ಪದಿದ್ದರೂ ಕ್ಯಾಮೆರಾ ಹಿಡಿದುಹಾಕುತ್ತದೆ. ನಮ್ಮ ಮೈದಾನದಲ್ಲಿ ಕ್ಯಾಮೆರಾ ಎಂದರೆ ಪಾಗಾರದ ಮೇಲೆ ಕುಳಿತವರ ಮೊಬೈಲ್, ಅದೂ ಸೆಲ್ಫಿಗೆ ತಿರುಗಿತ್ತು.

ಬಹುಮಾನ ವಿತರಣೆಗೆ ಮುಂಚೆ ಚಹಾ ಮತ್ತು ಗೋಳಿಬಜೆ. ಅಯ್ಯನವರಿಗೆ ಆ ಹುಡುಗನನ್ನು ವೇದಿಕೆಗೆ ಕರೆದು ನಾಲ್ಕು ಮಾತು ಹೇಳುವ ಆಸೆ. ಅವನೇ ಬಂದು, "ದಯವಿಟ್ಟು ಕರೆಯಬೇಡಿ ಅಯ್ಯನವರೇ, ನಾಳೆಯಿಂದ ಇವರ ಜೊತೆಗೇ ಆಡಬೇಕು" ಎಂದ. ನನಗೆ ಅವನ ಬಗ್ಗೆ ನಿಜವಾಗಿ ಗೌರವ ಹುಟ್ಟಿದ್ದು ಆಗ.

ಹೊಳೆಬದಿ ತಂಡದ ಕ್ಯಾಪ್ಟನ್ ಒಬ್ಬನೇ ಹಲಸಿನ ಮರದಡಿ ಶೂ ಬಿಚ್ಚುತ್ತಿದ್ದ. ನಮ್ಮ ಸಭೆಯ ನಿವೃತ್ತ ದೈಹಿಕ ಶಿಕ್ಷಕರು ಅವನ ಬಳಿ ಕುಳಿತು, ಸಮಾಧಾನಕ್ಕೆಂದು ಕ್ರಿಕೆಟಿಗ ಜಿ.ಆರ್. ವಿಶ್ವನಾಥ್ ಕಥೆ ತೆಗೆದರು. 1980ರಲ್ಲಿ ಬೊಂಬಾಯಿಯ ಸುವರ್ಣ ಮಹೋತ್ಸವ ಟೆಸ್ಟ್. ಇಂಗ್ಲೆಂಡ್ 58ಕ್ಕೆ 5. ಬಾಬ್ ಟೇಲರ್‌ಗೆ ಅಂಪೈರ್ ಔಟ್ ಕೊಟ್ಟಾಗಿತ್ತು. ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ನಮ್ಮ ಭದ್ರಾವತಿಯ ವಿಶಿ ಅವರನ್ನು ವಾಪಸ್ ಕರೆದರು. ಟೇಲರ್ ಮತ್ತು ಬೋಥಮ್ ಸೇರಿ 171 ಓಟ ಹೊಡೆದರು.

"ಆಮೇಲೆ ಯಾರು ಗೆದ್ದರು ಸರ್?"

"ಇಂಗ್ಲೆಂಡ್. ಹತ್ತು ವಿಕೆಟ್‌ಗಳಿಂದ."

ಹುಡುಗ ಒಂದು ಶೂವನ್ನು ಕೆಳಗಿಟ್ಟ. "ವಿಶ್ವನಾಥ್ ಆವತ್ತು ಕ್ಯಾಪ್ಟನ್. ತಂಡವನ್ನು ಸೋಲಿಸುವ ಅಧಿಕಾರ ಅವರಿಗಿತ್ತು. ಇಲ್ಲಿ ಕ್ಯಾಪ್ಟನ್ ನಾನು. ನನ್ನನ್ನು ಇವನು ಕೇಳಲೇ ಇಲ್ಲ."

"ಕೇಳಿದ್ದರೆ ಏನು ಹೇಳುತ್ತಿದ್ದೆ?" ಎಂದು ನಾನು ನಡುವೆ ಬಾಯಿ ಹಾಕಿದೆ.

ಅವನು ತಲೆ ಎತ್ತಿ ನನ್ನನ್ನೇ ನೋಡಿದ. "ಗೊತ್ತಿಲ್ಲ ಸರ್. ಆದರೆ ನೀವು ಸರಿಯಾಗಿ ನೋಡಿದ್ದರೆ ಯಾರೂ ಯಾರನ್ನೂ ಕೇಳಬೇಕಾಗಿರಲಿಲ್ಲ."

ಶಿಕ್ಷಕರು ಚಹಾ ಹೀರಿದರು. ನಾನು ಎದ್ದು ಹೋಗಿ ನೆಟ್ ಬಿಚ್ಚತೊಡಗಿದೆ. ಬೆಳಿಗ್ಗೆ ಬಿಗಿಯಾಗಿ ಕಟ್ಟಿದ ಗಂಟು, ಉಗುರಿಗೆ ಸಿಗುತ್ತಿರಲಿಲ್ಲ. ಆಚೆಯ ಕಂಬದಲ್ಲಿ ಯಾರೋ ಆಗಲೇ ಬಿಚ್ಚುತ್ತಿದ್ದರು. ನೋಡಿದರೆ ಅವನೇ, ಬ್ಲಾಕ್‌ಗೆ ಹಾರಿದವನು. ಅವನ ಕಡೆಯ ಗಂಟು ಮೊದಲು ಬಿಚ್ಚಿತು.