ಪೇಡೆ ಡಬ್ಬಿಯಲ್ಲಿ ಬಂದ ಚಿಪ್ಪುಗಳು

ಕಳೆದ ಭಾನುವಾರ ಗದಗಿನ ಕಾಲೇಜು ಹುಡುಗನೊಬ್ಬ ಪೇಡೆ ಡಬ್ಬಿಯಲ್ಲಿ ಹತ್ತಿ ಹಾಸಿ, ಪಳೆಯುಳಿಕೆಗಳೆಂದು ನಂಬಿದ್ದ ನಾಲ್ಕು ಕಲ್ಲುಗಳನ್ನು ಇಟ್ಟುಕೊಂಡು ಧಾರವಾಡದ ನಮ್ಮ ಮನೆಗೆ ಬಂದಿದ್ದ. "ಸರ್, ಇವು ಯಾವ ಪ್ರಾಣಿಯವು?" ಎಂದು ಅವನು ಕೇಳಿದಾಗ, ಎಲ್ಲಿ ಸಿಕ್ಕವು ಎಂದು ನಾನು ಮರುಪ್ರಶ್ನೆ ಹಾಕಿದೆ. ಒಂದಕ್ಕೆ ಮಾತ್ರ ಊರ ಹೆಸರು ಬರೆದ ಚೀಟಿ ಇತ್ತು.

ಮೊದಲನೆಯದು ಅವನೇ ಕಪ್ಪತಗುಡ್ಡದ ತಪ್ಪಲಿನಲ್ಲಿ ಹೆಕ್ಕಿದ್ದು; ಅದರ ಮೇಲೆ ಜರೀಗಿಡದ ಎಲೆಯಂಥ ಕಪ್ಪು ಗುರುತಿತ್ತು. ಅದು ಎಲೆಯಲ್ಲ, ಬಿರುಕಿನೊಳಗೆ ಇಳಿದ ನೀರು ಬಿಟ್ಟುಹೋದ ಮ್ಯಾಂಗನೀಸಿನ ಕವಲುಗೆರೆ. ನಮ್ಮ ಭಾಗದ ಧಾರವಾಡ ಶಿಲೆಗಳಿಗೆ 250 ಕೋಟಿ ವರ್ಷಕ್ಕೂ ಮೀರಿದ ವಯಸ್ಸಾಗಿದ್ದು, ಚಿಪ್ಪಿನ ಪ್ರಾಣಿಗಳು ಭೂಮಿಗೆ ಬಂದು ಸುಮಾರು 54 ಕೋಟಿ ವರ್ಷಗಳಷ್ಟೇ ಆಗಿರುವುದರಿಂದ, ಈ ಗುಡ್ಡಗಳ ಬಂಡೆಯೊಳಗೆ ಚಿಪ್ಪು ಹುಡುಕುವುದು ವ್ಯರ್ಥ. ಹುಡುಗನ ಮುಖ ಬಾಡಿತು.

ಎರಡನೆಯದು ಯಾರೋ ಕೊಟ್ಟ ಸುರುಳಿ. ಅವನು ಅದನ್ನು ಬಸವನಹುಳುವಿನ ಚಿಪ್ಪೆಂದು ನಂಬಿದ್ದ. ಆದರೆ ಮುರಿದ ಕಡೆ ಒಳಗೆ ಅಡ್ಡಗೋಡೆಗಳಿದ್ದವು, ಬಸವನಹುಳುವಿನ ಚಿಪ್ಪಿನಲ್ಲಿ ಹಾಗೆ ಕೋಣೆಗಳಿರುವುದಿಲ್ಲ. ಆ ಗೋಡೆಗಳು ಹೊರಚಿಪ್ಪನ್ನು ಕೂಡುವ ಗೆರೆ ಸೊಪ್ಪಿನ ಅಂಚಿನಂತೆ ಅಂಕುಡೊಂಕಾಗಿದ್ದುದರಿಂದ ಅದು ಅಮೋನೈಟ್, ಎಂದೋ ಅಳಿದುಹೋದ ಕಡಲಜೀವಿ. ಅದರ ನಂಟನಾದ, ಇಂದಿಗೂ ಕಡಲಲ್ಲಿರುವ ನಾಟಿಲಸ್ ಆಗಿದ್ದರೆ ಗೆರೆ ಸರಳವಾಗಿರುತ್ತಿತ್ತು. ದೇವರಮನೆಯಲ್ಲಿ ಸಾಲಿಗ್ರಾಮದ ಚಕ್ರ ಕಂಡವರಿಗೆ ಈ ರೂಪ ಹೊಸದಲ್ಲ, ಏಕೆಂದರೆ ಗಂಡಕಿ ನದಿಯ ಚಕ್ರವುಳ್ಳ ಸಾಲಿಗ್ರಾಮಗಳು ಅಮೋನೈಟುಗಳೇ. ಆದರೆ ಇದು ಗುಜರಾತಿನ ಕಚ್ಛದ್ದೋ ತಮಿಳುನಾಡಿನ ಅರಿಯಲೂರಿನದೋ ಎಂದು ಚೀಟಿಯಿಲ್ಲದೆ ಹೇಳಲು ನಾನು ಒಪ್ಪಲಿಲ್ಲ, ಏಕೆಂದರೆ ಕಚ್ಛದ ಪ್ರಸಿದ್ಧ ಪದರಗಳು ಜುರಾಸಿಕ್ ಕಾಲದವು, ಅರಿಯಲೂರಿನವು ಅದರ ನಂತರದ ಕ್ರಿಟೇಶಿಯಸ್ ಕಾಲದವು.

ಮೂರನೆಯದು ಗೀರುಗೀರಾದ ಜೋಡಿಚಿಪ್ಪು. ಕಪ್ಪೆಚಿಪ್ಪಿನಲ್ಲಿ ಸಾಮಾನ್ಯವಾಗಿ ಎರಡು ಹೋಳುಗಳು ಒಂದಕ್ಕೊಂದು ಕನ್ನಡಿಯ ಬಿಂಬದಂತಿರುತ್ತವೆ. ಬ್ರಾಕಿಯೋಪಾಡ್ ಎಂಬ, ನೋಡಲು ಅದರಂತೆಯೇ ಇರುವ ಬೇರೆ ಬಳಗದ ಕಡಲಪ್ರಾಣಿಯಲ್ಲಿ ಹೋಳುಗಳೆರಡೂ ಬೇರೆಬೇರೆ ಗಾತ್ರದವು, ಆದರೆ ಒಂದೇ ಹೋಳಿನ ನಡುವೆ ಗೆರೆ ಎಳೆದರೆ ಎಡಬಲಗಳು ಸಮ. ಇದು ಎರಡನೆಯ ಬಗೆಯದು. ಆದರೆ ಕಪ್ಪೆಚಿಪ್ಪಿನ ಬಳಗದವೇ ಆದ ಸಿಂಪಿಗಳು ಕನ್ನಡಿಬಿಂಬದ ಸೂತ್ರವನ್ನು ಪಾಲಿಸುವುದಿಲ್ಲ. ವಿದ್ಯಾರ್ಥಿಯಾಗಿದ್ದಾಗ ಕಲ್ಲಾದ ಸಿಂಪಿಯೊಂದನ್ನು ಬ್ರಾಕಿಯೋಪಾಡ್ ಎಂದು ಬರೆದು ನಾನೂ ಬೈಸಿಕೊಂಡಿದ್ದೇನೆ.

ಕೊನೆಯದು ಹುಣಸೆ ಬೀಜದಷ್ಟು ಚಿಕ್ಕದು, ಚೀಟಿಯಲ್ಲಿ "ಗುರುಮಠಕಲ್" ಎಂದಿತ್ತು. ಚೂಪು ತುದಿಯನ್ನು ಮೇಲೆ ಮಾಡಿ ಬಾಯಿಯನ್ನು ನಮ್ಮತ್ತ ತಿರುಗಿಸಿದರೆ ಹೆಚ್ಚಿನ ಬಸವನಹುಳುಗಳ ಬಾಯಿ ಬಲಕ್ಕೆ ಬರುತ್ತದೆ. ಇದರದು ಎಡಕ್ಕೆ ಇತ್ತು. (ನಾವು ಪೂಜಿಸುವ ಅಪರೂಪದ ಬಲಮುರಿ ಶಂಖವೂ ಪ್ರಾಣಿಶಾಸ್ತ್ರದ ಲೆಕ್ಕಕ್ಕೆ ಎಡಮುರಿಯೇ, ನಾವು ಅದನ್ನು ತಲೆಕೆಳಗಾಗಿ ಹಿಡಿದು ನೋಡುತ್ತೇವೆ.) ಡೆಕ್ಕನ್ ಲಾವಾ ಹರಿಯುತ್ತಿದ್ದ ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಒಂದು ಹರಿವಿಗೂ ಇನ್ನೊಂದಕ್ಕೂ ನಡುವಿನ ಬಿಡುವಿನಲ್ಲಿ ನಿಂತ ಕೆರೆಗಳಲ್ಲಿ ಫೈಸಾ ಎಂಬ ಎಡಮುರಿ ಹುಳುಗಳು ಬದುಕಿದ್ದವು, ಮತ್ತು ಗುರುಮಠಕಲ್ಲಿನ ಅಂಥ ಪದರಗಳಲ್ಲಿ ಅವುಗಳ ಚಿಪ್ಪುಗಳು ಸಿಗುತ್ತವೆ. ಈಗಲೂ ಹೊಂಡಗಳಲ್ಲಿ ಅದರ ಬಳಗವಿರುವುದರಿಂದ, ಬರಿಯ ಸುರುಳಿ ನೋಡಿ ತೀರ್ಮಾನಿಸದೆ ಭೂತಗನ್ನಡಿ ಹಿಡಿದೆ. ಬಾಯಿಯ ತುಂಬ ಗಟ್ಟಿ ಬೆಣಚುಕಲ್ಲು ತುಂಬಿತ್ತು, ನಿಂಬೆರಸದ ಹನಿಗೆ ನೊರೆ ಏಳಲಿಲ್ಲ; ಅಂದರೆ ಹುಳಿಗೆ ನೊರೆಯೇಳುವ ಸುಣ್ಣದ ಚಿಪ್ಪಿನ ಜಾಗವನ್ನು ಬೆಣಚುಕಲ್ಲಿನ ದ್ರವ್ಯವಾದ ಸಿಲಿಕಾ ಹಿಡಿದಿತ್ತು, ಇದು ಈಗಿನ ಚಿಪ್ಪಲ್ಲ.

ಚೀಟಿ ಬರೆದವರು ಅವನ ಸೋದರಮಾವ. ಅದು ಹೊಲದ ಮಣ್ಣಿನಲ್ಲಿ ಸಿಕ್ಕಿತೋ ಬಾವಿ ತೋಡುವಾಗ ಪದರದಿಂದಲೇ ಬಂದಿತೋ ಎಂದು ಕೇಳಿ ಬರೆದಿಡಲು ಹೇಳಿ, ಡಬ್ಬಿಯನ್ನು ಅವನ ಕೈಗೆ ಕೊಟ್ಟೆ.